ಮಕ್ಕಳು ಫುಟ್‌ಬಾಲ್ ಆಡಲಿ, ಜೋಪಾನವಾಗಿ ಆಡಲಿ

ಚೆಂಡು ಒಂದು ಸಿಕ್ಕರೆ ಸಾಕು, ಇಪ್ಪತ್ತು ಮಕ್ಕಳು ಆಡ್ತಾರೆ. ಫುಟ್‌ಬಾಲ್ ಅಷ್ಟು ಸುಲಭದ ಆಟ. ಬ್ಯಾಟು ಬೇಡ, ವಿಕೆಟ್ಟು ಬೇಡ. ಎರಡು ಕಲ್ಲು ಇಟ್ಟರೆ ಗೋಲು ಆಯಿತು. ಬೆಂಗಳೂರಿನ ಆಸ್ಟಿನ್ ಟೌನ್, ಗೌತಮಪುರದ ಓಣಿಗಳಲ್ಲಿ, ಮಂಗಳೂರಿನ ನೆಹರೂ ಮೈದಾನದಲ್ಲಿ ಈ ಆಟ ಬಹಳ ಕಾಲದಿಂದ ಇದೆ. ಈಗ ನಮ್ಮ ಹಳ್ಳಿ ಶಾಲೆಗಳಲ್ಲೂ ಆಡ್ತಾರೆ. ಹುಡುಗಿಯರೂ ಆಡ್ತಾರೆ. ನೋಡೋಕೆ ಸಂತೋಷ.

ಆದರೆ ಓದು ಬರಹದ ತರಗತಿಗೆ ಬರುವ ತಾಯಂದಿರು ನಮ್ಮನ್ನು ಕೇಳುವ ಮಾತೇ ಬೇರೆ. "ಮೇಷ್ಟ್ರೇ, ಕಾಲು ಮುರ್ಕೊಂಡು ಬಂದ್ರೆ ಏನ್ ಮಾಡೋದು? ನಾವು ಕೂಲಿಗೆ ಹೋಗೋರು. ಆಸ್ಪತ್ರೆಗೆ ಯಾರು ಅಲೆಯೋರು?" ಈ ಹೆದರಿಕೆಯಿಂದ ಕೆಲವರು ಮಕ್ಕಳನ್ನು ಆಟಕ್ಕೇ ಕಳಿಸೋದಿಲ್ಲ. ಹೆಣ್ಣು ಮಕ್ಕಳನ್ನಂತೂ ಮೊದಲು ನಿಲ್ಲಿಸ್ತಾರೆ. ಇನ್ನು ಕೆಲವರು ಕಳಿಸ್ತಾರೆ, ಆದರೆ ಮಗು ಎಲ್ಲಿ ಆಡುತ್ತೆ, ಕಾಲಿಗೆ ಏನು ಹಾಕಿದೆ ಅಂತ ತಿರುಗಿ ನೋಡೋದಿಲ್ಲ. ಎರಡೂ ಸರಿ ಅಲ್ಲ. ಆಟದಲ್ಲಿ ಪೆಟ್ಟು ಬೀಳುತ್ತೆ, ನಿಜ. ಆದರೆ ದೊಡ್ಡ ಪೆಟ್ಟುಗಳಲ್ಲಿ ಬಹಳಷ್ಟನ್ನು ತಡೀಬಹುದು. ಅದಕ್ಕೆ ದುಡ್ಡಿಗಿಂತ ಹೆಚ್ಚಾಗಿ ಬೇಕಾದದ್ದು ಗಮನ.

ಏನು ಕೊಳ್ಳಬೇಕು, ಏನು ಬೇಡ

ಹೋದ ವರ್ಷ ನಮ್ಮ ಕಲಿಕಾ ಕೇಂದ್ರಕ್ಕೆ ಬರುವ ಒಬ್ಬ ತಾಯಿ ಒಂದು ಚೀಟಿ ಹಿಡಿದು ಬಂದರು. ಅವರ ಮಗಳು ಏಳನೇ ತರಗತಿ. ತಾಲ್ಲೂಕು ಮಟ್ಟದ ಆಟಕ್ಕೆ ಆಯ್ಕೆ ಆಗಿದ್ದಳು. ಪೇಟೆಯ ಅಂಗಡಿಯವರು ಬೇಕಾದ ಸಾಮಾನು ಅಂತ ಪಟ್ಟಿ ಬರೆದುಕೊಟ್ಟಿದ್ದರು. ಬೂಟು, ಸ್ಟಾಕಿಂಗ್ಸ್, ಶಿನ್ ಗಾರ್ಡ್, ಜರ್ಸಿ, ಟ್ರ್ಯಾಕ್ ಸೂಟು, ಕೈಗವಸು, ಬ್ಯಾಗು. ಒಟ್ಟು ಮೊತ್ತ ನೋಡಿ ಆ ತಾಯಿ ಕಿವಿಯ ಓಲೆ ಅಡವು ಇಡಬೇಕು ಅಂತ ಲೆಕ್ಕ ಹಾಕಿದ್ದರು. ಇಲ್ಲವೇ ಮಗಳನ್ನು ಬಿಡಿಸೋದು.

ನಾವು ಅವರ ಜೊತೆ ಕೂತೆವು. ಅವರೇ ಅಕ್ಷರ ಕೂಡಿಸಿ ಪಟ್ಟಿ ಓದಿದರು. ಒಂದೊಂದು ಸಾಲಿಗೂ "ಇದು ಯಾಕೆ ಬೇಕು?" ಅಂತ ಕೇಳಿದರು. ಕೈಗವಸು ಗೋಲಿಗೆ ಮಾತ್ರ. ಅವರ ಮಗಳು ಗೋಲಿ ಅಲ್ಲ. ಹೊಡೆದು ಹಾಕಿದರು. ಟ್ರ್ಯಾಕ್ ಸೂಟು ಚಳಿಗೆ, ನೋಟಕ್ಕೆ. ಹೊಡೆದು ಹಾಕಿದರು. ಬ್ಯಾಗು ಮನೇಲಿ ಇತ್ತು. ಜರ್ಸಿ ಶಾಲೆಯದು. ಕೊನೆಗೆ ಉಳಿದದ್ದು ಮೂರೇ. ಬೂಟು, ಸ್ಟಾಕಿಂಗ್ಸ್, ಶಿನ್ ಗಾರ್ಡ್. ಓಲೆ ಕಿವಿಯಲ್ಲೇ ಉಳಿಯಿತು.

ಈ ಮೂರರಲ್ಲಿ ಮೊದಲು ಶಿನ್ ಗಾರ್ಡ್ ವಿಚಾರ ಹೇಳ್ತೀವಿ. ಯಾಕಂದ್ರೆ ಇದರ ಹೆಸರೇ ಹಲವರಿಗೆ ಗೊತ್ತಿಲ್ಲ.

ನಿಮ್ಮ ಮೊಣಕಾಲಿನ ಕೆಳಗೆ, ಮುಂದುಗಡೆ ಕೈ ಆಡಿಸಿ ನೋಡಿ. ಮೂಳೆ ಕೈಗೇ ಸಿಗುತ್ತೆ. ಹಿಂದುಗಡೆ ಮೀನಖಂಡದಲ್ಲಿ ಮಾಂಸ ಇದೆ. ಮುಂದುಗಡೆ ಬರೀ ಚರ್ಮ. ಮಂಚದ ಕಾಲಿಗೆ ಅಲ್ಲಿ ತಗುಲಿದರೆ ಎಷ್ಟು ನೋವು ಅಂತ ಎಲ್ಲರಿಗೂ ಗೊತ್ತು. ಫುಟ್‌ಬಾಲ್‌ನಲ್ಲಿ ಚೆಂಡಿಗೆ ಅಂತ ಬೀಸಿದ ಕಾಲು ತಪ್ಪಿದರೆ ನೇರ ಅಲ್ಲಿಗೇ ಬೀಳುತ್ತೆ. ಆ ಜಾಗಕ್ಕೆ ಕಟ್ಟುವ ಗಟ್ಟಿ ಪ್ಲಾಸ್ಟಿಕ್ ಪಟ್ಟಿಯೇ ಶಿನ್ ಗಾರ್ಡ್. ಒಳಗಡೆ ಮೆತ್ತೆ ಇರುತ್ತೆ. ಅದರ ಮೇಲೆ ಉದ್ದ ಸ್ಟಾಕಿಂಗ್ಸ್ ಎಳೆದುಕೊಂಡರೆ ಜಾರೋದಿಲ್ಲ. 1990ರಿಂದ ಆಟದ ನಿಯಮದಲ್ಲೇ ಇದು ಕಡ್ಡಾಯ. ಹಾಕದ ಮಗುವನ್ನು ರೆಫ್ರಿ ಆಟಕ್ಕೆ ಬಿಡಬಾರದು. ಸಾಧಾರಣ ಜೋಡಿ ದುಬಾರಿ ಏನಲ್ಲ. ಕೊಳ್ಳುವಾಗ ಮಗುವನ್ನು ಕರೆದುಕೊಂಡು ಹೋಗಿ. ಮೊಣಕಾಲಿನ ಕೆಳಗಿಂದ ಪಾದದ ಗಿಣ್ಣಿನ ಸ್ವಲ್ಪ ಮೇಲಿನ ತನಕ ಮುಚ್ಚಬೇಕು. ದೊಡ್ಡದಾದರೆ ಓಡುವಾಗ ತಿರುಗಿಕೊಂಡು ಪಕ್ಕಕ್ಕೆ ಹೋಗುತ್ತೆ. ಆಗ ಇದ್ದೂ ಇಲ್ಲದ ಹಾಗೆ.

ಇನ್ನು ಬೂಟು. ಬರಿಗಾಲಲ್ಲಿ ಆಡಬಾರದೇ ಅಂತ ಕೇಳ್ತೀರಿ. ಬರಿಗಾಲು ಅವಮಾನ ಅಲ್ಲ. 1948ರಲ್ಲಿ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತದ ತಂಡ ಫ್ರಾನ್ಸ್ ಮೇಲೆ ಆಡಿತು. ನಮ್ಮವರಲ್ಲಿ ಹೆಚ್ಚಿನವರು ಬರಿಗಾಲಲ್ಲಿ ಆಡಿದರು. ಸೋತದ್ದು ಬರೀ 2-1ರಲ್ಲಿ. ಲೋಕವೇ ಬೆರಗಾಯಿತು. ನಾಲ್ಕು ವರ್ಷ ಕಳೆದು 1952ರಲ್ಲಿ ಹೆಲ್ಸಿಂಕಿಯಲ್ಲಿ ಒಲಿಂಪಿಕ್ಸ್ ನಡೆಯಿತು. ಅಲ್ಲಿ ಚಳಿ. ಎದುರಿಗೆ ಯುಗೊಸ್ಲಾವಿಯ. ಆ ಆಟದಲ್ಲಿ ನಾವು 10-1ರಲ್ಲಿ ಸೋತೆವು. ನಮ್ಮ ಆ ಒಂದು ಗೋಲು ಹೊಡೆದವರು ಬೆಂಗಳೂರಿನ ಅಹ್ಮದ್ ಖಾನ್. ಅದಾದ ಮೇಲೆ ನಮ್ಮ ದೇಶದ ಫುಟ್‌ಬಾಲ್ ಒಕ್ಕೂಟ ಬೂಟು ಕಡ್ಡಾಯ ಮಾಡಿತು. ಅಂಥಾ ಆಟಗಾರರೇ ಬೂಟು ಹಾಕಿದ ಮೇಲೆ ನಮ್ಮ ಮಕ್ಕಳಿಗೆ ಏನು ಸಂಕೋಚ?

ಮರಳಿನ ಮೇಲೆ, ಒಳ್ಳೇ ಹುಲ್ಲಿನ ಮೇಲೆ, ಎಲ್ಲರೂ ಬರಿಗಾಲಲ್ಲಿ ಇದ್ದರೆ ಸಣ್ಣ ಮಕ್ಕಳು ಆಡಿಕೊಳ್ಳಲಿ. ನೆಗ್ಗಿಲುಮುಳ್ಳು, ಜಾಲಿಮುಳ್ಳು, ಗಾಜಿನ ಚೂರು ಇರುವ ಜಾಗದಲ್ಲಿ ಬೇಡ. ಅರ್ಧ ಮಕ್ಕಳು ಬೂಟು, ಅರ್ಧ ಮಕ್ಕಳು ಬರಿಗಾಲು, ಇದಂತೂ ಬೇಡವೇ ಬೇಡ. ಬೂಟಿನ ಕಾಲು ಬರಿಗಾಲಿನ ಬೆರಳ ಮೇಲೆ ಬಿದ್ದರೆ ಉಗುರೇ ಕಿತ್ತು ಬರುತ್ತೆ.

ದುಬಾರಿ ಬೂಟೇ ಬೇಕು ಅಂತಿಲ್ಲ. ನಮ್ಮ ಕಡೆಯ ಮೈದಾನಗಳು ಗಟ್ಟಿ ನೆಲ. ಉದ್ದ ಸ್ಟಡ್ ಇರುವ ಬೂಟು ಹಸಿ ಹುಲ್ಲಿಗೆ ಮಾಡಿದ್ದು. ಗಟ್ಟಿ ನೆಲದಲ್ಲಿ ಅದು ಊರಿಕೊಳ್ಳೋದಿಲ್ಲ, ಕಾಲು ಉಳುಕುತ್ತೆ. ಕಲಿಯುವ ಮಕ್ಕಳಿಗೆ ರಬ್ಬರ್ ತಳದ ಕ್ಯಾನ್ವಾಸ್ ಶೂ ಸಾಕು. ಪಂದ್ಯಕ್ಕೆ ಹೋಗುವವರಿಗೆ ಗಿಡ್ಡ ರಬ್ಬರ್ ಸ್ಟಡ್ ಇರುವ ಬೂಟು ಸಾಕು. ಬೂಟಿನ ಅಳತೆ ಮುಖ್ಯ. "ಮುಂದಿನ ವರ್ಷಕ್ಕೂ ಆಗಲಿ" ಅಂತ ಎರಡು ನಂಬರ್ ದೊಡ್ಡದು ತರೋದು ನಮ್ಮೆಲ್ಲರ ಅಭ್ಯಾಸ. ಚಪ್ಪಲಿಗೆ ಅದು ನಡೆಯುತ್ತೆ. ಆಟದ ಬೂಟಿಗೆ ನಡೆಯೋದಿಲ್ಲ. ಒಳಗೆ ಕಾಲು ಜಾರುತ್ತೆ, ಬೊಬ್ಬೆ ಏಳುತ್ತೆ, ತಿರುಗುವಾಗ ಗಿಣ್ಣು ಮಡಚುತ್ತೆ. ಕಾಲುಚೀಲ ಹಾಕಿ ನಿಂತಾಗ ಹೆಬ್ಬೆರಳಿನ ಮುಂದೆ ಅರ್ಧ ಇಂಚು ಜಾಗ ಇದ್ದರೆ ಸರಿ. ಅಣ್ಣನ ಹಳೇ ಬೂಟು ತಮ್ಮನಿಗೆ ಆಗಬಹುದು, ಹಿಮ್ಮಡಿ ಸವೆದಿರದಿದ್ದರೆ.

ಚೆಂಡಿಗೂ ನಂಬರ್ ಇದೆ. ಅದರ ಮೇಲೇ ಬರೆದಿರುತ್ತೆ, ಓದಿ ನೋಡಿ. ದೊಡ್ಡವರು ಆಡೋದು 5ನೇ ನಂಬರ್. ಅದರ ತೂಕ 410ರಿಂದ 450 ಗ್ರಾಂ. ಸುಮಾರು 8 ವರ್ಷದ ತನಕ 3ನೇ ನಂಬರ್, ಆಮೇಲೆ 12 ವರ್ಷದ ತನಕ 4ನೇ ನಂಬರ್ ಚೆಂಡು ಕೊಡೋದು ವಾಡಿಕೆ. ಎರಡನೇ ತರಗತಿ ಮಗುವಿಗೆ 5ನೇ ನಂಬರ್ ಕೊಟ್ಟರೆ ಕಾಲು ನೋವು ಮಾಡಿಕೊಳ್ಳುತ್ತೆ. ಮುಖಕ್ಕೆ ಬಡಿದರೆ ಇನ್ನೂ ಕಷ್ಟ. ಹೊಲಿಗೆ ಬಿಟ್ಟು ನೀರು ಕುಡಿದ ಹಳೇ ಚೆಂಡು ಕಲ್ಲಿನ ಹಾಗೆ ಭಾರ ಆಗಿರುತ್ತೆ. ಅದನ್ನು ಎಸೆದುಬಿಡಿ.

ಬಳೆ, ಓಲೆ, ದಾರ

ಈ ಮಾತು ಹೇಳಿದರೆ ಕೆಲವು ಅಜ್ಜಿಯರಿಗೆ ಬೇಜಾರು. ಆದರೂ ಹೇಳಲೇಬೇಕು. ಆಟದ ಹೊತ್ತಿನಲ್ಲಿ ಮೈಮೇಲೆ ಒಡವೆ ಇರಬಾರದು. ಗಾಜಿನ ಬಳೆ, ಓಲೆ, ಮೂಗುತಿ, ಕಾಲ್ಗೆಜ್ಜೆ, ಉಂಗುರ, ಕುತ್ತಿಗೆಯ ತಾಯಿತ, ಕೈಯ ಕಡಗ ಎಲ್ಲವನ್ನೂ ತೆಗೀಬೇಕು. ಹುಡುಗರಿಗೂ ಇದೇ ನಿಯಮ.

ಬಿದ್ದಾಗ ಗಾಜಿನ ಬಳೆ ಒಡೆದು ಮಣಿಕಟ್ಟಿಗೆ ಹೊಕ್ಕರೆ ನರ ಕತ್ತರಿಸಬಹುದು. ಇನ್ನೊಂದು ಮಗುವಿನ ಬೆರಳು ಓಲೆಗೆ ಸಿಕ್ಕಿದರೆ ಕಿವಿ ಹರಿಯುತ್ತೆ. ಕುತ್ತಿಗೆ ದಾರ ಹಿಂದಿಂದ ಎಳೆದರೆ ಉರುಲಿನ ಹಾಗೆ ಬಿಗಿಯುತ್ತೆ. ಓಲೆ ಮೇಲೆ ಪ್ಲಾಸ್ಟರ್ ಅಂಟಿಸಿ ಆಡಿಸ್ತಾರೆ ಕೆಲವರು. ಅದಕ್ಕೂ ನಿಯಮದಲ್ಲಿ ಒಪ್ಪಿಗೆ ಇಲ್ಲ. "ಹೆಣ್ಣು ಮಗು ಬರಿಗೈಯಲ್ಲಿ ಇರಬಾರದು" ಅಂತಾರೆ. ಒಂದು ಗಂಟೆ ಅಷ್ಟೇ. ಒಂದು ಚಿಕ್ಕ ಡಬ್ಬಿಯಲ್ಲಿ ಎಲ್ಲವನ್ನೂ ಹಾಕಿ, ಮಗುವಿನ ಹೆಸರು ಬರೆದು, ಟೀಚರ್ ಕೈಗೆ ಕೊಡಿ. ಆಟ ಮುಗಿದ ಮೇಲೆ ಹಾಕಿಕೊಳ್ಳಲಿ. ಉಗುರು ಕತ್ತರಿಸಿರಲಿ. ಜಡೆಯನ್ನು ಪಿನ್ನು, ಕ್ಲಿಪ್ಪು ಇಲ್ಲದೆ ಬಟ್ಟೆಯ ಬ್ಯಾಂಡಿನಲ್ಲಿ ಕಟ್ಟಿ. ಮನೆಯ ಕನ್ನಡಕ ಹಾಕಿಕೊಂಡು ಆಡೋದೂ ಅಪಾಯ. ಕಣ್ಣು ಸರಿಯಾಗಿ ಕಾಣದ ಮಗುವಿಗೆ ಏನು ಹಾಕಬೇಕು ಅಂತ ಕಣ್ಣಿನ ಡಾಕ್ಟರನ್ನೇ ಕೇಳಿ.

ಗೋಲು ಕಂಬ ಅಲುಗಾಡಿಸಿ ನೋಡಿ

ಆಟಕ್ಕೆ ಮೊದಲು ದೊಡ್ಡವರು ಯಾರಾದರೂ ಮೈದಾನವನ್ನು ಒಂದು ಸುತ್ತು ನಡೆದು ನೋಡಬೇಕು. ಹೆಗ್ಗಣದ ಬಿಲ, ಮಳೆಗೆ ಬಿದ್ದ ಗುಂಡಿ, ಮೊಳೆ, ಗಾಜು, ಜಲ್ಲಿ ಎಲ್ಲ ಕಣ್ಣಿಗೆ ಬೀಳುತ್ತೆ. ಹತ್ತು ನಿಮಿಷದ ಕೆಲಸ. ಮಕ್ಕಳನ್ನೂ ಕರೆದುಕೊಂಡು ಮಾಡಿದರೆ ಐದೇ ನಿಮಿಷ. ಮೈದಾನದ ಪಕ್ಕ ತೆರೆದ ಬಾವಿ, ರಸ್ತೆ, ಟ್ರಾನ್ಸ್‌ಫಾರ್ಮರ್ ಇದ್ದರೆ, ಚೆಂಡು ಅಲ್ಲಿಗೆ ಹೋದಾಗ ತರೋದು ದೊಡ್ಡವರೇ ಅಂತ ಮೊದಲೇ ಹೇಳಿಬಿಡಿ.

ಎಲ್ಲಕ್ಕಿಂತ ಹೆಚ್ಚು ಜನ ಮರೆಯೋದು ಗೋಲು ಕಂಬವನ್ನು. ಕಬ್ಬಿಣದ ಪೈಪಿನಲ್ಲಿ ಮಾಡಿದ, ನೆಲಕ್ಕೆ ಹೂಳದೆ ಸುಮ್ಮನೆ ನಿಲ್ಲಿಸಿದ ಗೋಲು ಕೆಲವು ಕಡೆ ಇದೆ. ನೋಡೋಕೆ ಗಟ್ಟಿಯಾಗಿ ನಿಂತಿರುತ್ತೆ. ಮಕ್ಕಳು ಮೇಲಿನ ಅಡ್ಡಪಟ್ಟಿಗೆ ಜೋತುಬೀಳ್ತಾರೆ. ಭಾರ ಎಲ್ಲಾ ಮುಂದೆ ಇರೋದರಿಂದ ಅದು ಮುಂದಕ್ಕೇ ಮಗುಚುತ್ತೆ. ನೇರ ತಲೆ ಮೇಲೆ, ಎದೆ ಮೇಲೆ. ಹೀಗೆ ಮಕ್ಕಳು ಸತ್ತಿದ್ದಾರೆ. ಅಮೆರಿಕದಂಥ ದೇಶದಲ್ಲೂ ಸತ್ತಿದ್ದಾರೆ. ಆದ್ದರಿಂದ ಕಂಬವನ್ನು ಆಳಕ್ಕೆ ಹೂತು ಕಲ್ಲು ಮಣ್ಣು ತುಂಬಿ ಗಟ್ಟಿ ಮಾಡಬೇಕು. ಎತ್ತಿಡುವ ಗೋಲಾದರೆ ಹಿಂದಿನ ಪಟ್ಟಿಯನ್ನು ಗೂಟ ಹೊಡೆದು ಬಿಗಿಯಬೇಕು, ಮೇಲೆ ಮರಳು ಚೀಲ ಹೇರಬೇಕು. ಆಟ ಮುಗಿದ ಮೇಲೆ ಮಲಗಿಸಿ ಇಡಬೇಕು. ಪ್ರತಿ ಸಾರಿ ದೊಡ್ಡವರು ಕೈಯಿಂದ ಅಲುಗಾಡಿಸಿ ನೋಡಬೇಕು. ಅಲುಗಿದರೆ ಅವತ್ತು ಆ ಗೋಲು ಬೇಡ. ಎರಡು ಬ್ಯಾಗು ಇಟ್ಟು ಆಡಿಸಿ. ಜೋತುಬೀಳುವ ಮಗುವನ್ನು ಗದರಿ ಇಳಿಸಿ, ಅದು ಯಾರ ಮನೆ ಮಗುವೇ ಆಗಲಿ.

ಬಿಸಿಲು, ಗುಡುಗು

ಏಪ್ರಿಲ್, ಮೇ ತಿಂಗಳಲ್ಲಿ ಮಧ್ಯಾಹ್ನ ಆಡಿಸಬೇಡಿ. ಬೆಳಿಗ್ಗೆ ಇಲ್ಲವೇ ಸಂಜೆ ಸಾಕು. ಮುದ್ದೆ ಊಟ ಮಾಡಿದ ತಕ್ಷಣವೂ ಬೇಡ, ಎರಡು ಗಂಟೆ ಬಿಡಿ. ಬಾಯಾರಿದಾಗ ಕುಡಿದರಾಯಿತು ಅಂತ ಕಾಯಬಾರದು. ಹದಿನೈದು ಇಪ್ಪತ್ತು ನಿಮಿಷಕ್ಕೊಮ್ಮೆ ಸೀಟಿ ಹೊಡೆದು ಎಲ್ಲರಿಗೂ ನೀರು ಕುಡಿಸಬೇಕು. ಉಪ್ಪು ಹಾಕಿದ ಮಜ್ಜಿಗೆ, ನಿಂಬೆ ಪಾನಕ ಬಣ್ಣದ ಬಾಟಲಿಗಿಂತ ಒಳ್ಳೇದು. ತಲೆ ಸುತ್ತು, ವಾಂತಿ, ತಡವರಿಸುವ ಮಾತು ಕಂಡರೆ ಮಗುವನ್ನು ನೆರಳಿಗೆ ತನ್ನಿ. ಒದ್ದೆ ಬಟ್ಟೆಯಿಂದ ಮೈ ಒರೆಸಿ, ಗಾಳಿ ಹಾಕಿ, 108ಕ್ಕೆ ಫೋನ್ ಮಾಡಿ.

ಮುಂಗಾರಿಗೆ ಮುಂಚಿನ ಸಂಜೆಗಳಲ್ಲಿ ಗುಡುಗು ಸಿಡಿಲು ಜಾಸ್ತಿ. ಬಯಲಿನಲ್ಲಿ ನಿಂತ ಮಗು ಸಿಡಿಲಿಗೆ ಗುರಿ. ಗುಡುಗು ಕೇಳಿಸಿತು ಅಂದರೆ ಆಟ ನಿಲ್ಲಬೇಕು, ಒಂದು ಗೋಲು ಬಾಕಿ ಇದ್ದರೂ ಸರಿ. ಮರದ ಕೆಳಗೆ ಹೋಗಬಾರದು. ಶಾಲೆಯ ಕಟ್ಟಡದ ಒಳಗೆ ಹೋಗಬೇಕು. ಕೊನೆಯ ಗುಡುಗು ಕೇಳಿ ಅರ್ಧ ಗಂಟೆ ಆದ ಮೇಲೇ ಹೊರಗೆ.

ಮೈ ಬಿಸಿ ಮಾಡದೆ ಆಡಿಸೋದೂ ತಪ್ಪು. ಓಡೋದು, ಒಂಟಿ ಕಾಲಲ್ಲಿ ನಿಲ್ಲೋದು, ಕುಪ್ಪಳಿಸೋದು, ಬೀಳುವಾಗ ಉರುಳೋದು, ಇಂಥಾ ಕಸರತ್ತನ್ನು ಯೂರೋಪಿನ ನಾಲ್ಕು ದೇಶಗಳಲ್ಲಿ 7ರಿಂದ 13 ವರ್ಷದ ಮಕ್ಕಳಿಗೆ ಮಾಡಿಸಿ ನೋಡಿದರು. 2018ರಲ್ಲಿ ಅದರ ಫಲ ಪ್ರಕಟವಾಯಿತು. ಹೀಗೆ ಮಾಡಿದ ಮಕ್ಕಳಿಗೆ ಬಿದ್ದ ಪೆಟ್ಟು ಹೆಚ್ಚು ಕಡಿಮೆ ಅರ್ಧಕ್ಕೆ ಇಳಿದಿತ್ತು. ಬೇಕಾದದ್ದು ಹದಿನೈದು ಇಪ್ಪತ್ತು ನಿಮಿಷ. ಖರ್ಚು ಏನೂ ಇಲ್ಲ. ದೈಹಿಕ ಶಿಕ್ಷಕರನ್ನು ಕೇಳಿ, ಮಾಡಿಸ್ತಾರೆ. ಆಮೇಲೆ ತಂಡ ಕಟ್ಟುವಾಗ ವಯಸ್ಸು ನೋಡಿ. ಹತ್ತನೇ ತರಗತಿ ಹುಡುಗರ ಎದುರು ಐದನೇ ತರಗತಿ ಮಕ್ಕಳನ್ನು ನಿಲ್ಲಿಸಬಾರದು.

ತಲೆಗೆ ಪೆಟ್ಟು ಬಿದ್ದರೆ

ಕಾಲಿನ ಪೆಟ್ಟು ಕಣ್ಣಿಗೆ ಕಾಣುತ್ತೆ. ತಲೆಯ ಪೆಟ್ಟು ಕಾಣೋದಿಲ್ಲ. ಆದ್ದರಿಂದ ಈ ಭಾಗವನ್ನು ಎರಡು ಸಾರಿ ಓದಿ. ಓದು ಬಾರದ ನೆರೆಮನೆಯವರಿಗೂ ಓದಿ ಹೇಳಿ.

ಮಿದುಳು ಮೊಸರಿನ ಹಾಗೆ ಮೆತ್ತಗೆ. ತಲೆಬುರುಡೆಯ ಒಳಗೆ ಇರುತ್ತೆ. ತಲೆಗೆ ತಲೆ ಡಿಕ್ಕಿ ಆದಾಗ, ನೆಲಕ್ಕೆ ತಲೆ ಬಡಿದಾಗ ಒಳಗೆ ಅದು ಜೋರಾಗಿ ಅಲುಗುತ್ತೆ. ರಕ್ತ ಬರದೇ ಇರಬಹುದು. ಬುಗುಟು ಏಳದೇ ಇರಬಹುದು. ಮಗುವಿಗೆ ಎಚ್ಚರ ತಪ್ಪದೇನೂ ಇರಬಹುದು. ಆದರೂ ಒಳಗೆ ಏಟಾಗಿರುತ್ತೆ. ಇದನ್ನು ಡಾಕ್ಟರು ಕನ್‌ಕಷನ್ ಅಂತಾರೆ.

ಗುರುತು ಹಿಡಿಯೋದು ಹೇಗೆ? ಮಗು ಮಂಕಾಗಿ ನಿಲ್ಲುತ್ತೆ. ತಲೆನೋವು ಅನ್ನುತ್ತೆ. ಓಕರಿಕೆ ಬರುತ್ತೆ. ಒಂದು ಎರಡಾಗಿ ಕಾಣುತ್ತೆ. ನಡಿಗೆ ತೂರಾಡುತ್ತೆ. ಕೇಳಿದ್ದನ್ನೇ ಮತ್ತೆ ಮತ್ತೆ ಕೇಳುತ್ತೆ. "ಈಗ ಯಾರು ಗೋಲು ಹೊಡೆದದ್ದು?" ಅಂದರೆ ಗೊತ್ತಾಗೋದಿಲ್ಲ. ಇದರಲ್ಲಿ ಒಂದು ಕಂಡರೂ ಸಾಕು, ಮಗುವನ್ನು ಆಟದಿಂದ ಹೊರಗೆ ತನ್ನಿ. ಅವತ್ತು ಮತ್ತೆ ಒಳಗೆ ಬಿಡಬಾರದು. ಮಗು "ನಂಗೇನೂ ಆಗಿಲ್ಲ" ಅಂತ ಹಟ ಮಾಡುತ್ತೆ. ತಂಡದವರು "ಇವನಿಲ್ಲದಿದ್ರೆ ಸೋಲ್ತೀವಿ" ಅಂತಾರೆ. ಸೋಲಲಿ ಬಿಡಿ. ಒಂದು ಪೆಟ್ಟು ಮಾಯುವ ಮುಂಚೆ ಇನ್ನೊಂದು ಪೆಟ್ಟು ಬಿದ್ದರೆ ಪ್ರಾಣಕ್ಕೇ ಅಪಾಯ. ಡಾಕ್ಟರಿಗೆ ತೋರಿಸಿ. ಅವರು ಸರಿ ಅನ್ನುವ ತನಕ ಫುಟ್‌ಬಾಲ್ ಬೇಡ.

ಮತ್ತೆ ಮತ್ತೆ ವಾಂತಿ, ಫಿಟ್ಸ್, ಹೆಚ್ಚಾಗುತ್ತಾ ಹೋಗುವ ತಲೆನೋವು, ಎಬ್ಬಿಸಿದರೂ ಏಳದ ನಿದ್ದೆ, ಕಿವಿ ಮೂಗಿನಿಂದ ನೀರು ಅಥವಾ ರಕ್ತ, ಕೈಕಾಲು ಬಲ ಇಲ್ಲದಿರೋದು, ಇವು ಕಂಡರೆ ಒಂದು ನಿಮಿಷವೂ ಕಾಯಬೇಡಿ. 108 ಕರೆಸಿ. ಎಚ್ಚರ ತಪ್ಪಿದ ಮಗುವಿನ ಬಾಯಿಗೆ ನೀರು ಹಾಕಬಾರದು, ಉಸಿರು ಕಟ್ಟುತ್ತೆ. ಕುತ್ತಿಗೆಗೆ ಪೆಟ್ಟಾಗಿರಬಹುದು, ಎತ್ತಿ ಕೂರಿಸಬಾರದು. ಈರುಳ್ಳಿ ಮೂಸಿಸೋದು, ಕೈಗೆ ಕಬ್ಬಿಣ ಕೊಡೋದು, ಇದರಿಂದ ಹೊತ್ತು ಹಾಳು ಅಷ್ಟೇ.

ಚೆಂಡನ್ನು ತಲೆಯಿಂದ ಹೊಡೆಯೋದೂ ಈ ಆಟದಲ್ಲಿ ಇದೆ. ದೊಡ್ಡವರು ಮಾಡ್ತಾರೆ. ಆದರೆ ಸಣ್ಣ ಮಕ್ಕಳಿಗೆ ಅದು ಬೇಡ ಅಂತ ಹಲವು ದೇಶಗಳಲ್ಲಿ ತೀರ್ಮಾನ ಆಗಿದೆ. ಅಮೆರಿಕದ ಫುಟ್‌ಬಾಲ್ ಸಂಸ್ಥೆ 2015ರಲ್ಲಿ 10 ವರ್ಷದ ಒಳಗಿನ ಮಕ್ಕಳಿಗೆ ಇದನ್ನು ನಿಲ್ಲಿಸಿತು. 2020ರಲ್ಲಿ ಇಂಗ್ಲೆಂಡ್, ಸ್ಕಾಟ್ಲೆಂಡ್‌ಗಳಲ್ಲೂ ಪ್ರಾಥಮಿಕ ಶಾಲೆ ವಯಸ್ಸಿನ ಮಕ್ಕಳ ಅಭ್ಯಾಸದಲ್ಲಿ ಇದನ್ನು ಬಿಡಿಸಿದರು. ನಮ್ಮ ಮಕ್ಕಳ ತಲೆ ಅವರ ಮಕ್ಕಳ ತಲೆಗಿಂತ ಗಟ್ಟಿ ಏನಲ್ಲ. ಪ್ರಾಥಮಿಕ ಶಾಲೆ ಮುಗಿಯುವ ತನಕ ಚೆಂಡು ಕಾಲಲ್ಲೇ ಇರಲಿ.

ಉಳುಕು, ಗಾಯ

ಕಾಲು ಉಳುಕಿದರೆ ನಮ್ಮಲ್ಲಿ ಮೊದಲು ಎಣ್ಣೆ ಹಾಕಿ ತಿಕ್ಕುತ್ತಾರೆ, ಎಳೀತಾರೆ. ಅದರಿಂದ ಬಾವು ಹೆಚ್ಚುತ್ತೆ. ಮೂಳೆ ಬಿರಿದಿದ್ದರೆ ಇನ್ನೂ ಕೆಡುತ್ತೆ. ಆಟ ನಿಲ್ಲಿಸಿ, ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆ ಅಥವಾ ತಣ್ಣೀರ ಬಟ್ಟೆ ಹದಿನೈದು ಇಪ್ಪತ್ತು ನಿಮಿಷ ಇಡಿ. ಬಟ್ಟೆ ಪಟ್ಟಿ ಹದವಾಗಿ ಸುತ್ತಿ. ಕಾಲನ್ನು ದಿಂಬಿನ ಮೇಲೆ ಎತ್ತರಕ್ಕೆ ಇಡಿ. ಕಾಲೂರಿ ನಾಲ್ಕು ಹೆಜ್ಜೆ ಇಡೋಕೆ ಆಗದಿದ್ದರೆ, ಕಾಲು ಸೊಟ್ಟಗೆ ಕಂಡರೆ, ಆಸ್ಪತ್ರೆಗೆ ಹೋಗಿ ಎಕ್ಸ್‌ರೇ ತೆಗೆಸಲೇಬೇಕು. ಸೊಟ್ಟಗಾದ ಕಾಲನ್ನು ನೀವು ನೆಟ್ಟಗೆ ಮಾಡಬೇಡಿ. ಹೇಗಿದೆಯೋ ಹಾಗೇ ಎರಡು ಕಡೆ ರಟ್ಟು ಅಥವಾ ಬಿದಿರಿನ ದಬ್ಬೆ ಇಟ್ಟು ಕಟ್ಟಿ ಕರೆದೊಯ್ಯಿರಿ. ಬೆಳೆಯುವ ಮಕ್ಕಳ ಮೂಳೆಯ ತುದಿಯಲ್ಲಿ ಬೆಳವಣಿಗೆಯ ಭಾಗ ಇರುತ್ತೆ. ಅಲ್ಲಿ ಮುರಿದು ಸರಿಯಾಗಿ ಕೂಡದಿದ್ದರೆ ಆ ಕಾಲು ಗಿಡ್ಡ ಆಗಬಹುದು, ಓರೆ ಆಗಬಹುದು. ಆದ್ದರಿಂದ ಮೊದಲು ಎಕ್ಸ್‌ರೇ. ಕಟ್ಟು ಹಾಕೋರ ಮನೆಗೆ ಓಡೋದು ಬೇಡ.

ತರಚು ಗಾಯ ಆದರೆ ಹರಿಯುವ ನೀರು, ಸೋಪು. ಕಾಫಿ ಪುಡಿ, ಮಣ್ಣು, ಸುಣ್ಣ ಮೆತ್ತಬೇಡಿ. ಧನುರ್ವಾಯು ಬಾರದ ಹಾಗೆ 10ನೇ ವಯಸ್ಸಿಗೆ ಒಂದು, 16ನೇ ವಯಸ್ಸಿಗೆ ಒಂದು ಟಿ.ಡಿ. ಚುಚ್ಚುಮದ್ದು ಸರ್ಕಾರದಿಂದ ಉಚಿತ. ನಿಮ್ಮ ಮಗುವಿಗೆ ಆಗಿದೆಯಾ ಅಂತ ಆಶಾ ಕಾರ್ಯಕರ್ತೆಯನ್ನು ಕೇಳಿ, ಕಾರ್ಡು ಓದಿ ನೋಡಿ.

ಶಾಲೆಯಲ್ಲಿ ಕೇಳೋದು

ಒಂದೊಂದು ಮನೆಯೂ ಎಲ್ಲವನ್ನೂ ಕೊಳ್ಳಬೇಕಾಗಿಲ್ಲ. 2018ರಲ್ಲಿ ಶುರುವಾದ ಸಮಗ್ರ ಶಿಕ್ಷಣ ಯೋಜನೆಯಲ್ಲಿ ಸರ್ಕಾರಿ ಶಾಲೆಗಳಿಗೆ ಆಟದ ಸಾಮಾನಿಗೆ ಅಂತ ವರ್ಷಕ್ಕೆ ಅನುದಾನ ಗೊತ್ತುಮಾಡಿದರು. ಕಿರಿಯ ಪ್ರಾಥಮಿಕಕ್ಕೆ 5,000 ರೂಪಾಯಿ, ಹಿರಿಯ ಪ್ರಾಥಮಿಕಕ್ಕೆ 10,000, ಪ್ರೌಢಶಾಲೆಗೆ 25,000ದ ತನಕ. ನಿಮ್ಮ ಶಾಲೆಗೆ ಈ ವರ್ಷ ಎಷ್ಟು ಬಂತು, ಏನು ಕೊಂಡರು ಅಂತ ಎಸ್.ಡಿ.ಎಂ.ಸಿ. ಸಭೆಯಲ್ಲಿ ಕೇಳಿ. ಅದು ಜಗಳ ಅಲ್ಲ, ಪೋಷಕರ ಹಕ್ಕು. ಕಪ್ಪು ಹಲಗೆಗೆ ಬಣ್ಣ ಹೊಡೆಸಿದ ಲೆಕ್ಕ ಕೇಳ್ತೀವಿ, ಶಿನ್ ಗಾರ್ಡ್ ಲೆಕ್ಕ ಯಾಕೆ ಕೇಳಬಾರದು? ಇಪ್ಪತ್ತೆರಡು ಜೋಡಿ ಇದ್ದರೆ ಇಡೀ ಶಾಲೆ ಸರದಿಯಲ್ಲಿ ಬಳಸಬಹುದು. ಆಟ ಆದ ಮೇಲೆ ಸೋಪಿನ ನೀರಲ್ಲಿ ಒರೆಸಿ ಒಣಗಿಸಬೇಕು, ಇಲ್ಲದಿದ್ದರೆ ಒಬ್ಬರ ಕಜ್ಜಿ ಇನ್ನೊಬ್ಬರಿಗೆ ಹತ್ತುತ್ತೆ.

ಪ್ರಥಮ ಚಿಕಿತ್ಸೆ ಪೆಟ್ಟಿಗೆ ಇದೆಯಾ ಅಂತಲೂ ನೋಡಿ. ಅನೇಕ ಶಾಲೆಗಳಲ್ಲಿ ಇರುತ್ತೆ. ಹೆಡ್‌ಮಾಸ್ಟರ್ ಕೋಣೆಯ ಬೀರುವಿನ ಒಳಗೆ, ಬೀಗ ಹಾಕಿ. ಆಟ ನಡೆಯೋದು ಸಂಜೆ, ಕೋಣೆ ಮುಚ್ಚಿದ ಮೇಲೆ. ಆ ಪೆಟ್ಟಿಗೆ ಆಟದ ಹೊತ್ತಿನಲ್ಲಿ ಮೈದಾನದಲ್ಲೇ ಇರಬೇಕು. ಮುಚ್ಚಳದ ಮೇಲೆ ದೊಡ್ಡ ಅಕ್ಷರದಲ್ಲಿ 108, ಹತ್ತಿರದ ಆಸ್ಪತ್ರೆಯ ನಂಬರು, ಗಾಡಿ ಇರುವ ಇಬ್ಬರ ಹೆಸರು ಬರೆದು ಅಂಟಿಸಿ. ಬರೆಯುವ ಕೆಲಸ ನಿಮ್ಮದೇ ಆಗಲಿ.